ಒಂಬತ್ತೂವರೆಯ ಹಾಜರಿ ನಮ್ಮ ಆಫೀಸಿನಿಂದ ಹೋದದ್ದು ಹೇಗೆ

2018ರ ನವೆಂಬರ್‌ನಲ್ಲಿ ಒಂದು ಸಂಜೆ, ಎಲ್ಲರೂ ಹೊರಟ ಮೇಲೆ, ನಮ್ಮ ಹಿರಿಯ ಅಕೌಂಟೆಂಟ್ ನನ್ನ ಟೇಬಲ್ ಮೇಲೆ ಒಂದು ಕವರ್ ಇಟ್ಟರು. ಆಫೀಸಿನಲ್ಲಿ ಎಲ್ಲರೂ ಅವರನ್ನು ರಾಯರು ಅಂತಲೇ ಕರೆಯುವುದು. ಆಫೀಸು ಶುರುವಾದ ದಿನದಿಂದ ಜೊತೆಗಿದ್ದವರು. ಯಾರು ಬಿಲ್ಲು ಕೊಡಲು ತಡ ಮಾಡುತ್ತಾರೆ, ಯಾರ ಸ್ಟಾಕ್ ಲೆಕ್ಕ ಎರಡು ಸಲ ನೋಡಬೇಕು, ಯಾರಿಗೆ ಫೋನ್ ಮಾಡಿದರೆ ಸಾಲದು, ಅಂಗಡಿಗೇ ಹೋಗಿ ಕೂರಬೇಕು, ಎಲ್ಲ ಅವರ ತಲೆಯಲ್ಲಿತ್ತು. ಕವರ್ ಒಳಗೆ ರಾಜೀನಾಮೆ ಪತ್ರ.

"ಯಾಕೆ ರಾಯರೇ, ಏನಾಯ್ತು?"

"ಮನೆಯವಳಿಗೆ ಡಯಾಲಿಸಿಸ್ ಶುರುವಾಗಿದೆ ಮೇಡಂ. ವಾರಕ್ಕೆ ಮೂರು ದಿನ. ಬೆಳಿಗ್ಗೆ ಕರ್ಕೊಂಡು ಹೋದ್ರೆ ನಾಲ್ಕು ಗಂಟೆ ಅಲ್ಲೇ ಆಗುತ್ತೆ. ಒಂಬತ್ತೂವರೆಗೆ ಬರೋಕಾಗಲ್ಲ. ದಿನಾ ನಿಮ್ಮ ಹತ್ರ ಬಂದು ಕಾರಣ ಹೇಳೋದು ನಂಗೆ ಸರಿ ಕಾಣಲ್ಲ."

"ತಡವಾಗಿ ಬರ್ತೀನಿ ಅಂತ ಕೇಳಬಹುದಿತ್ತಲ್ವಾ?"

"ನಮ್ಮಲ್ಲಿ ಹಾಗೆಲ್ಲ ಇಲ್ವಲ್ಲ ಮೇಡಂ."

ಈ ಮಾತು ನನಗೆ ತುಂಬ ನೋವು ಕೊಟ್ಟಿತು. ಅಷ್ಟು ವರ್ಷ ಜೊತೆಗಿದ್ದವರು, ಕೇಳುವುದಕ್ಕಿಂತ ಬಿಟ್ಟು ಹೋಗುವುದೇ ಸುಲಭ ಅಂದುಕೊಂಡಿದ್ದರು. ಕೆಲಸದ ಟೈಮು, ಕೆಲಸದ ಜಾಗ ಎರಡನ್ನೂ ನಾವು ಹೇಗೆ ಸಡಿಲ ಮಾಡಿದೆವು ಅಂತ ಈಚೆಗೆ ಹಲವರು ಕೇಳುತ್ತಿದ್ದಾರೆ. ಹೆಚ್ಚಿನವರು ನಮ್ಮ ಹಾಗೆ ಹತ್ತು ಹದಿನೈದು ಜನರ ಆಫೀಸು ನಡೆಸುವವರು. ಅವರಿಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಾನು ಚಾರ್ಟರ್ಡ್ ಅಕೌಂಟೆಂಟ್. ಆಫೀಸು ಬೆಂಗಳೂರಿನ ರಾಜಾಜಿನಗರದಲ್ಲಿದೆ. ಆಗ ನನ್ನನ್ನು ಬಿಟ್ಟು 13 ಜನ ಇದ್ದೆವು. ಕ್ಲೈಂಟ್‌ಗಳಲ್ಲಿ ಪೀಣ್ಯದ ಸಣ್ಣ ಮೆಷಿನ್ ಶಾಪ್‌ಗಳೇ ಜಾಸ್ತಿ, ಆಮೇಲೆ ಚಿಕ್ಕಪೇಟೆಯ ಬಟ್ಟೆ ಅಂಗಡಿಗಳು, ಒಂದಷ್ಟು ಕ್ಲಿನಿಕ್‌ಗಳು, ಕೆಲವು ಪ್ರೈವೇಟ್ ಲಿಮಿಟೆಡ್ ಕಂಪನಿಗಳು. ಬಾಗಿಲ ಹತ್ತಿರ ಬೆರಳು ಒತ್ತುವ ಹಾಜರಿ ಮೆಷಿನ್ ಇತ್ತು. ಒಂಬತ್ತೂ ಮುಕ್ಕಾಲು ದಾಟಿದರೆ ಲೇಟ್. ಮೂರು ಲೇಟ್ ಆದರೆ ಅರ್ಧ ದಿನದ ರಜೆ ಹೋಗುತ್ತಿತ್ತು. ಆ ನಿಯಮ ತಂದವಳು ನಾನೇ. ಶಿಸ್ತು ಇಲ್ಲದೆ ಲೆಕ್ಕದ ಆಫೀಸು ನಡೆಯುವುದಿಲ್ಲ ಅಂತ ನಂಬಿದ್ದೆ. ಈಗಲೂ ನಂಬುತ್ತೇನೆ. ಆದರೆ ಶಿಸ್ತು ಇರಬೇಕಾದ್ದು ರಿಟರ್ನ್ ಫೈಲ್ ಆಗುವ ದಿನಾಂಕದಲ್ಲಿ, ಬಾಗಿಲ ಹತ್ತಿರ ಅಲ್ಲ ಅನ್ನುವುದು ಗೊತ್ತಾಗಲು ನನಗೆ ಎರಡೂವರೆ ವರ್ಷ ಬೇಕಾಯಿತು.

ಅವತ್ತು ರಾಯರ ಪತ್ರವನ್ನು ವಾಪಸ್ ಕೊಟ್ಟೆ. "ಆ ಮೂರು ದಿನ ಎಷ್ಟು ಹೊತ್ತಿಗಾದರೂ ಬನ್ನಿ, ಕೆಲಸ ಮುಗಿಸಿ ಹೋಗಿ" ಅಂದೆ. ದೊಡ್ಡ ಉಪಕಾರ ಮಾಡಿದೆ ಅನ್ನಿಸಿತ್ತು. ಒಂದು ತಿಂಗಳೊಳಗೆ ಬೇರೆ ಮಾತು ಕಿವಿಗೆ ಬಿತ್ತು. ನಮ್ಮಲ್ಲಿ ತುಮಕೂರಿನಿಂದ ದಿನಾ ಪಾಸ್ ಮಾಡಿಸಿಕೊಂಡು ರೈಲಿನಲ್ಲಿ ಓಡಾಡುವ ಹುಡುಗನೊಬ್ಬ ಇದ್ದಾನೆ. ಯಶವಂತಪುರದಲ್ಲಿ ಇಳಿದು ಬಸ್ ಹತ್ತಿ ಬರುವಷ್ಟರಲ್ಲಿ ಎಷ್ಟೋ ದಿನ ಹತ್ತು ಗಂಟೆ. ಅದಕ್ಕಿಂತ ಮುಂಚಿನ ರೈಲು ಹಿಡಿಯಬೇಕಾದರೆ ಅವನು ಬೆಳಗಿನ ಜಾವ ಮನೆ ಬಿಡಬೇಕು. ಅವನು ಯಾರ ಹತ್ತಿರವೋ ಹೇಳಿದ್ದನಂತೆ: "ರಾಯರು ಮಧ್ಯಾಹ್ನ ಬರಬಹುದು, ನಾನು ಹತ್ತು ನಿಮಿಷ ಲೇಟಾದ್ರೆ ಅರ್ಧ ದಿನ ಕಟ್."

ಮೊದಲು ಸಿಟ್ಟು ಬಂತು. ಡಯಾಲಿಸಿಸ್‌ಗೂ ರೈಲಿಗೂ ಹೋಲಿಕೆಯೇ ಅಂತ. ರಾತ್ರಿ ಕೂತು ಯೋಚಿಸಿದಾಗ ಅವನು ಹೇಳಿದ್ದು ಸರಿ ಅನ್ನಿಸಿತು. ಯಾರ ಕಷ್ಟ ದೊಡ್ಡದು, ಯಾರದ್ದು ಚಿಕ್ಕದು ಅಂತ ತೂಗುವ ಕೆಲಸ ನನ್ನದಲ್ಲ. ಒಬ್ಬರಿಗೆ ಕೊಟ್ಟರೆ ಅದು ದಯೆ. ದಯೆ ಪಡೆದವರಿಗೆ ಸಂಕೋಚ, ಪಡೆಯದವರಿಗೆ ಬೇಜಾರು. ರಾಯರು ಕೂಡ ಆ ದಿನಗಳಲ್ಲಿ ತಲೆ ತಗ್ಗಿಸಿಕೊಂಡೇ ಒಳಗೆ ಬರುತ್ತಿದ್ದರು. ಅದನ್ನು ನೋಡುವುದು ಕಷ್ಟವಾಗುತ್ತಿತ್ತು.

ಆದರೂ ನಾನು ಏನೂ ಮಾಡಲಿಲ್ಲ. ಹೇಗೆ ಮಾಡುವುದು ಅಂತ ಗೊತ್ತಿರಲಿಲ್ಲ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತು. ಅದಕ್ಕೆ ಒಂದೆರಡು ದಿನ ಮುಂಚೆಯೇ ಪರಿಸ್ಥಿತಿ ನೋಡಿ ಎಲ್ಲರಿಗೂ ಕಂಪ್ಯೂಟರ್ ಮನೆಗೆ ಒಯ್ಯಲು ಹೇಳಿದ್ದೆವು. ಸಿಪಿಯುಗಳನ್ನು ಬೆಡ್‌ಶೀಟ್‌ನಲ್ಲಿ ಸುತ್ತಿ ಸ್ಕೂಟರ್ ಮುಂದೆ ಇಟ್ಟುಕೊಂಡು ಹೋದರು. ಆ ತಿಂಗಳುಗಳಲ್ಲಿ ಸರ್ಕಾರ ಕೊನೆಯ ದಿನಾಂಕಗಳನ್ನು ಮುಂದಕ್ಕೆ ಹಾಕುತ್ತಾ ಹೋಯಿತು, ಹಾಗಾಗಿ ಒತ್ತಡ ಸ್ವಲ್ಪ ಕಮ್ಮಿಯಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಒಂದು ರಿಟರ್ನ್ ಕೂಡ ತಪ್ಪಲಿಲ್ಲ.

ಜೂನ್‌ನಲ್ಲಿ ಆಫೀಸು ತೆರೆದಾಗ ನಾನು ಮಾಡಿದ ಮೊದಲ ಕೆಲಸ, ಎಲ್ಲರೂ ಒಂಬತ್ತೂವರೆಗೆ ಬರಬೇಕು ಅಂತ ಮೆಸೇಜ್ ಹಾಕಿದ್ದು. ಆರು ತಿಂಗಳೊಳಗೆ ಇಬ್ಬರು ಬಿಟ್ಟರು. ಅವರಲ್ಲಿ ಒಬ್ಬಳು ಹೋಗುವಾಗ ನೇರವಾಗಿ ಕೇಳಿದಳು: "ಮೂರು ತಿಂಗಳು ಮನೆಯಿಂದ ಎಲ್ಲ ಮಾಡಿದೀವಿ ಮೇಡಂ. ಆಗ ಇದ್ದ ನಂಬಿಕೆ ಈಗ ಯಾಕಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳನ್ನು ಉಳಿಸಿಕೊಳ್ಳಲೂ ಆಗಲಿಲ್ಲ.

2021ರ ಏಪ್ರಿಲ್‌ನಲ್ಲಿ ಒಂದು ಭಾನುವಾರ ರಾಯರು, ನಾನು, ತುಮಕೂರಿನ ಹುಡುಗ, ಇನ್ನಿಬ್ಬರು ಒಟ್ಟಿಗೆ ಕೂತೆವು. ಅವನನ್ನು ಬೇಕಂತಲೇ ಕರೆದಿದ್ದೆ. ಗೋಡೆಗೆ ಒಂದು ದೊಡ್ಡ ಕ್ಯಾಲೆಂಡರ್ ಅಂಟಿಸಿ, ನಮ್ಮ ಕೆಲಸ ನಿಜವಾಗಿ ಯಾವ ಯಾವ ದಿನ ಗಟ್ಟಿಯಾಗಿ ಹಿಡಿಯುತ್ತದೆ ಅಂತ ಬರೆದೆವು. ತಿಂಗಳ 7ಕ್ಕೆ ಟಿಡಿಎಸ್, ಅಂದರೆ ಸಂಬಳ, ಬಾಡಿಗೆಯಂಥದ್ದು ಕೊಡುವಾಗಲೇ ಹಿಡಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಜಿಎಸ್‌ಟಿಗೆ ಕೊಡುವ ಮಾರಾಟದ ಲೆಕ್ಕ. 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತದೆ. ನಮ್ಮ ಕ್ಲೈಂಟ್‌ಗೆ ಮಾಲು ಮಾರಿದವರು ಆ ಬಿಲ್ಲನ್ನು ತಮ್ಮ ಲೆಕ್ಕದಲ್ಲಿ ತೋರಿಸಿದ್ದಾರಾ ಇಲ್ವಾ ಅಂತ ಗೊತ್ತಾಗುವುದು ಅದರಿಂದಲೇ. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ಜಿಎಸ್‌ಟಿ ಕಟ್ಟಿ ಹಾಕುವ ಒಟ್ಟು ಲೆಕ್ಕದ ರಿಟರ್ನ್. ಮೂರು ತಿಂಗಳಿಗೊಮ್ಮೆ ಫೈಲ್ ಮಾಡುವ ಸಣ್ಣ ವ್ಯಾಪಾರಿಗಳಿಗೆ ಕರ್ನಾಟಕದಲ್ಲಿ 3ಬಿಗೆ 22ನೇ ತಾರೀಕು. ಇದರ ಮೇಲೆ ವರ್ಷದ ದೊಡ್ಡ ದಿನಗಳು: ಜುಲೈ 31ರ ಐಟಿ ರಿಟರ್ನ್, ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್.

ಬರೆದು ಮುಗಿಸಿ ಹಿಂದೆ ಸರಿದು ನೋಡಿದರೆ, ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಜಾಗದಲ್ಲಿ ಇರಲೇಬೇಕಾದ ದಿನಗಳು ಐದು ದಾಟಲಿಲ್ಲ. 10, 11 ಮತ್ತು 18, 19, 20. ಮಿಕ್ಕ ದಿನಗಳಲ್ಲಿ ಎಂಟ್ರಿ, ತಾಳೆ ನೋಡುವುದು, ಫೋನ್ ಮಾಡಿ ಬಿಲ್ಲು ಕೇಳುವುದು. ಇದಕ್ಕೆಲ್ಲ ಒಂಬತ್ತೂವರೆ ಯಾಕೆ ಬೇಕು? ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಷ್ಟು ವರ್ಷ ನಾವು ಕೆಲಸವನ್ನೇ ಗೋಡೆಗೆ ಹಾಕಿ ನೋಡಿರಲಿಲ್ಲ. ಜನ ಬಂದರಾ ಅಂತ ನೋಡುತ್ತಿದ್ದೆವು, ಅಷ್ಟೇ.

ನೀವು ಈ ದಾರಿಗೆ ಹೋಗುವುದಾದರೆ ದಯವಿಟ್ಟು ಇಲ್ಲಿಂದ ಶುರು ಮಾಡಿ. ನಿಮ್ಮದು ಪ್ರಿಂಟಿಂಗ್ ಪ್ರೆಸ್ ಇರಬಹುದು, ಟ್ಯೂಷನ್ ಸೆಂಟರ್ ಇರಬಹುದು, ಕೆಲಸಕ್ಕೆ ಅದರದೇ ಒಂದು ಕ್ಯಾಲೆಂಡರ್ ಇದ್ದೇ ಇರುತ್ತದೆ. ಅದನ್ನು ಬರೆಯದೆ ಸುಮ್ನೆ "ವಾರಕ್ಕೆ ಎರಡು ದಿನ ವರ್ಕ್ ಫ್ರಮ್ ಹೋಮ್" ಅಂದುಬಿಟ್ಟರೆ, ಯಾವ ಎರಡು ದಿನ ಅನ್ನುವುದರಲ್ಲೇ ಜಗಳ ಶುರುವಾಗುತ್ತದೆ.

ಆ ದಿನ ನಾವು ಮಾಡಿಕೊಂಡ ಒಪ್ಪಂದ ಒಂದೇ ಪುಟದ್ದು. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಎಲ್ಲರೂ ಫೋನಿಗೆ ಸಿಗಬೇಕು, ಎಲ್ಲಿದ್ದರೂ ಸರಿ. ಅದರ ಹಿಂದೆ ಮುಂದೆ ಉಳಿದ ಗಂಟೆಗಳನ್ನು ಅವರವರು ಆರಿಸಿಕೊಳ್ಳಬಹುದು. ಆ ಐದು ದಿನ ಮಾತ್ರ ಎಲ್ಲರೂ ಆಫೀಸಿನಲ್ಲಿ. ಮುಖ್ಯವಾದದ್ದು, ಯಾಕೆ ಬೇಕು ಅಂತ ಯಾರೂ ಕಾರಣ ಹೇಳಬೇಕಾಗಿಲ್ಲ. ಮನೆಯಲ್ಲಿ ಕಾಯಿಲೆ ಇರಲಿ, ರೈಲು ಇರಲಿ, ಬೆಳಿಗ್ಗೆ ಸಂಗೀತ ಪಾಠ ಇರಲಿ, ನನಗೆ ಹೇಳುವ ಅಗತ್ಯ ಇಲ್ಲ. ತಿಂಗಳ ಕೊನೆಯಲ್ಲಿ ಮುಂದಿನ ತಿಂಗಳ ಹಾಳೆಯಲ್ಲಿ ಹೆಸರು, ಟೈಮು, ಜಾಗ ಬರೆದರೆ ಸಾಕು. ಡಯಾಲಿಸಿಸ್ ದಿನಗಳಲ್ಲಿ ರಾಯರಿಗೆ 11ಕ್ಕೂ ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಇನ್ನೊಂದು ಸಾಲು ಸೇರಿಸಿದೆವು: ವಾರಕ್ಕೆ ಮೂರು ದಿನದವರೆಗೆ 11ರಿಂದ 3ರ ಬದಲು ಬೇರೆ ನಾಲ್ಕು ಗಂಟೆ ಇಟ್ಟುಕೊಳ್ಳಬಹುದು, ಆದರೆ 11ರಿಂದ 3ರವರೆಗೆ ತಮ್ಮ ಫೋನು ಎತ್ತುವವರು ಯಾರು ಅಂತ ಬರೆದಿರಬೇಕು. ಇದೂ ಎಲ್ಲರಿಗೂ.

ಬೆರಳು ಒತ್ತುವ ಮೆಷಿನ್ ತೆಗೆಸಿದೆ. ಅದರ ಬದಲು ಒಂದು ಗೂಗಲ್ ಶೀಟ್ ಬಂತು. ಪ್ರತಿ ಕ್ಲೈಂಟ್‌ಗೆ ಒಂದು ಸಾಲು: ಬಿಲ್ಲು ಬಂತಾ, ಎಂಟ್ರಿ ಆಯ್ತಾ, ಇನ್ನೊಬ್ಬರು ನೋಡಿದರಾ, ಫೈಲ್ ಆಯ್ತಾ. ಇಷ್ಟೇ. ಯಾರು ಎಷ್ಟು ಗಂಟೆ ಕಂಪ್ಯೂಟರ್ ಮುಂದೆ ಕೂತಿದ್ದರು ಅಂತ ಫೋಟೋ ತೆಗೆಯುವ ಸಾಫ್ಟ್‌ವೇರ್ ಹಾಕಿಸಿ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಬೇಡ ಅಂದೆ. ಬಾಗಿಲ ಹತ್ತಿರದ ಮೆಷಿನ್ ತೆಗೆದು ಅದನ್ನೇ ಅವರ ಮನೆಯೊಳಗೆ ಇಟ್ಟ ಹಾಗಾಗುತ್ತದೆ.

ಮೊದಲ ಮೂರು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಂದೊಂದೇ ತೊಡಕು ಬಂತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು 2021ರ ಅಕ್ಟೋಬರ್ 7ಕ್ಕೆ, ನವರಾತ್ರಿ ಶುರುವಾದ ದಿನ. ಪೀಣ್ಯದ ಒಬ್ಬ ಕ್ಲೈಂಟ್‌ನ ಟಿಡಿಎಸ್ ಕಟ್ಟಬೇಕಿತ್ತು. ಬೆಳಿಗ್ಗೆ ಏಳೂವರೆಗೆ ಕೆಲಸ ಶುರು ಮಾಡುವ ಹುಡುಗಿ ಚಲನ್ ತಯಾರು ಮಾಡಿಟ್ಟು, ಮೂರೂವರೆಗೆ ಮುಗಿಸಿ ಹೋದಳು. ಸಂಜೆಯವರೆಗೆ ಇರುವವನು, ಚಲನ್ ಆಗಿದೆ ಅಂದರೆ ದುಡ್ಡೂ ಹೋಗಿದೆ ಅಂದುಕೊಂಡ. ಅವಳು, ಅವನು ಕಟ್ಟಿಸುತ್ತಾನೆ ಅಂದುಕೊಂಡಿದ್ದಳು. ಮರುದಿನ ಬೆಳಿಗ್ಗೆ ಗೊತ್ತಾಯಿತು. ಟಿಡಿಎಸ್‌ನಲ್ಲಿ ಹಿಡಿದ ತೆರಿಗೆ ತಡವಾಗಿ ಕಟ್ಟಿದರೆ ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ, ಅದೂ ಹಿಡಿದ ದಿನದಿಂದ ಲೆಕ್ಕ, ತಿಂಗಳ ಒಂದು ದಿನ ಸೇರಿದರೂ ಪೂರ್ತಿ ತಿಂಗಳು. ಸೆಪ್ಟೆಂಬರ್‌ನಲ್ಲಿ ಹಿಡಿದದ್ದನ್ನು ಅಕ್ಟೋಬರ್ 8ಕ್ಕೆ ಕಟ್ಟಿದರೆ, ತಡವಾದದ್ದು ಒಂದೇ ದಿನ ಆದರೂ ಬಡ್ಡಿ ಎರಡು ತಿಂಗಳದ್ದು. ಆ ಬಡ್ಡಿ ನಾನು ಕಟ್ಟಿದೆ. ಕ್ಲೈಂಟ್ ಹತ್ತಿರ ಹೋಗಿ ನಮ್ಮ ಆಫೀಸಿನ ತಪ್ಪು ಅಂತ ಒಪ್ಪಿಕೊಂಡೆ.

ಇಬ್ಬರೂ ಅಳುವಂತಾಗಿದ್ದರು. ಆದರೆ ತಪ್ಪು ಅವರದ್ದಲ್ಲ. ಎಲ್ಲರೂ ಒಂದೇ ರೂಮಿನಲ್ಲಿ ಕೂತಿದ್ದಾಗ "ಅದನ್ನ ಕಟ್ಟಿದ್ರಾ?" ಅಂತ ತಲೆ ಎತ್ತಿ ಕೇಳಿದರೆ ಆಗುತ್ತಿತ್ತು. ಬೇರೆ ಬೇರೆ ಹೊತ್ತಿನಲ್ಲಿ ಕೆಲಸ ಮಾಡುವಾಗ ಆ ತಲೆ ಎತ್ತಿ ಕೇಳುವುದು ಇರುವುದಿಲ್ಲ. ಅದರ ಜಾಗದಲ್ಲಿ ನಾನು ಏನನ್ನೂ ಇಟ್ಟಿರಲಿಲ್ಲ.

ಅವತ್ತಿನಿಂದ ಯಾರು ಕೆಲಸ ಮುಗಿಸಿ ಏಳುತ್ತಾರೋ ಅವರು ಮೂರು ಸಾಲು ಬರೆದು ಏಳಬೇಕು. ಏನು ಮುಗಿಯಿತು, ಏನು ಅರ್ಧ ಆಗಿದೆ, ಆ ಅರ್ಧ ಈಗ ಯಾರ ಕೈಯಲ್ಲಿದೆ. ಯಾರ ಕೈ ಅಂತ ಬರೆದರೆ ಸಾಲದು, ಅವರು "ಸಿಕ್ಕಿತು" ಅಂತ ಉತ್ತರ ಹಾಕಬೇಕು. ದುಡ್ಡು ಕಟ್ಟುವ ಕೆಲಸವಾದರೆ ಶೀಟ್‌ನಲ್ಲಿ "ಆಯ್ತು" ಅಂತ ಬರೆಯುವ ಹಾಗಿಲ್ಲ, ಚಲನ್ ನಂಬರೇ ಬರೆಯಬೇಕು. ನಂಬರ್ ಇಲ್ಲದಿದ್ದರೆ ಆಗಿಲ್ಲ ಅಂತಲೇ ಅರ್ಥ. ಇದು ಐದು ನಿಮಿಷದ ಕೆಲಸ. ಆಮೇಲೆ ಅಂಥ ತಪ್ಪು ಮತ್ತೆ ಆಗಿಲ್ಲ.

ಇನ್ನೊಂದು ತೊಡಕು ಡಿಎಸ್‌ಸಿ ಟೋಕನ್‌ಗಳದ್ದು. ಲೆಕ್ಕದ ಆಫೀಸಿನವರಿಗೆ ಇದು ಚೆನ್ನಾಗಿ ಗೊತ್ತು. ಕಂಪನಿಗಳ ರಿಟರ್ನ್‌ಗೆ ಡಿಜಿಟಲ್ ಸಹಿ ಬೇಕು. ಆ ಸಹಿ ಪೆನ್‌ಡ್ರೈವ್‌ನಂಥ ಟೋಕನ್‌ನಲ್ಲಿರುತ್ತದೆ, ಟೋಕನ್‌ಗಳು ಆಫೀಸಿನ ಬೀರುವಿನಲ್ಲಿರುತ್ತವೆ. ಮನೆಯಲ್ಲಿ ಕೂತವರು ಎಲ್ಲ ತಯಾರು ಮಾಡಿದರೂ ಕೊನೆಯ ಸಹಿ ಹಾಕಲು ಆಗುವುದಿಲ್ಲ. ಒಬ್ಬ ಹುಡುಗ ಅನುಕೂಲ ಆಗಲಿ ಅಂತ ನಾಲ್ಕು ಟೋಕನ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗಿದ್ದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದು ಬೇರೆಯವರ ಸಹಿ ಅಲ್ವಾ? ಕಳೆದರೆ ಏನು ಹೇಳುವುದು? ಆಮೇಲೆ ಟೋಕನ್ ಆಫೀಸಿನಿಂದ ಹೊರಗೆ ಹೋಗುವ ಹಾಗಿಲ್ಲ ಅಂತ ಮಾಡಿದೆವು. ಬೀರುವಿಗೆ ಒಂದು ರಿಜಿಸ್ಟರ್ ಬಂತು. ದಿನಾ ಇಬ್ಬರಾದರೂ ಆಫೀಸಿನಲ್ಲಿ ಇರುವ ಹಾಗೆ ಹಾಳೆ ಬರೆಯುತ್ತೇವೆ, ಸಹಿಯ ಕೆಲಸ ಅವರದ್ದು. ಸಡಿಲ ಬಿಡಬಾರದ ವಿಷಯವೂ ಇದೆ, ಇದು ಅಂಥದ್ದು.

ನಾವು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಮೊದಲು ಆಫೀಸಿನ ಒಂದು ಕಂಪ್ಯೂಟರ್‌ನಲ್ಲಿತ್ತು. ಮನೆಯಲ್ಲಿ ಮಾಡಿದ ಎಂಟ್ರಿಯನ್ನು ಪೆನ್‌ಡ್ರೈವ್‌ನಲ್ಲಿ ತಂದು ಸೇರಿಸುತ್ತಿದ್ದರು. ಒಂದೇ ಕಂಪನಿಯ ಎರಡು ಡೇಟಾ ಓಡಾಡಿ, ಯಾವುದು ಹೊಸದು ಅಂತ ಹುಡುಕುವುದೇ ಕೆಲಸವಾಯಿತು. ಬಾಡಿಗೆಯ ಕ್ಲೌಡ್ ಸರ್ವರ್‌ಗೆ ಹಾಕಿಸಿದ ಮೇಲೆ ಅದು ನಿಂತಿತು. ತಿಂಗಳ ಖರ್ಚು ಹೆಚ್ಚಾಯಿತು, ನಿಜ. ಹಳೆಯ ಡೆಸ್ಕ್‌ಟಾಪ್ ಕೆಟ್ಟಾಗೆಲ್ಲ ಅದರ ಬದಲು ಲ್ಯಾಪ್‌ಟಾಪ್ ತಗೊಂಡೆವು, ಎಲ್ಲ ಒಂದೇ ಸಲ ಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಮನೆಯ ಇಂಟರ್ನೆಟ್ ಬಿಲ್ಲಿನಲ್ಲಿ ಅರ್ಧ ಆಫೀಸು ಕೊಡುತ್ತದೆ. ಕರೆಂಟ್ ಹೋದರೂ ರೌಟರ್ ನಡೆಯಲಿ ಅಂತ ಸಣ್ಣ ಯುಪಿಎಸ್ ಕೊಡಿಸಿದೆವು. ಕ್ಲೈಂಟ್‌ಗಳ ಸಂಬಳದ ಶೀಟ್ ವಾಟ್ಸಾಪ್‌ನಲ್ಲಿ ಹೋಗಬಾರದು, ಮನೆಯ ಬೇರೆಯವರ ಕಂಪ್ಯೂಟರ್‌ನಲ್ಲಿ ತೆರೆಯಬಾರದು. ಇಷ್ಟು ಹೇಳಿದರೆ ಈ ಭಾಗ ಮುಗಿಯಿತು.

ಓಟಿಪಿ ವಿಷಯ ನಾವು ಯಾರೂ ಯೋಚಿಸಿರದ ತೊಂದರೆ. ಅಂಗಡಿಯವರ ರಿಟರ್ನ್‌ಗೆ ಓಟಿಪಿ ಅವರ ಮೊಬೈಲಿಗೆ ಹೋಗುತ್ತದೆ. ನಮ್ಮವರು ತಮ್ಮ ತಮ್ಮ ಹೊತ್ತಿಗೆ ಕೆಲಸ ಮಾಡಲು ಶುರು ಮಾಡಿದ ಮೇಲೆ ತಮ್ಮ ತಮ್ಮ ಹೊತ್ತಿಗೇ ಫೋನ್ ಮಾಡಲು ಶುರು ಮಾಡಿದರು. ಚಿಕ್ಕಪೇಟೆಯ ಹಿರಿಯರೊಬ್ಬರು ನನಗೆ ಫೋನ್ ಮಾಡಿ, "ಏನಮ್ಮಾ, ನಿಮ್ಮ ಹುಡುಗಿ ಬೆಳಿಗ್ಗೆ ಏಳು ಗಂಟೆಗೆ ಓಟಿಪಿ ಕೇಳ್ತಾಳೆ, ಪೂಜೆಗೆ ಕೂತಿರ್ತೀನಿ" ಅಂದರು. ನಮ್ಮ ಅನುಕೂಲ ಅವರಿಗೆ ತೊಂದರೆ ಆಗಬಾರದಲ್ವಾ? ಅಂದಿನಿಂದ ಓಟಿಪಿ ಫೋನ್ 11ರಿಂದ 3ರೊಳಗೆ ಮಾತ್ರ, ಅದೂ ಹಿಂದಿನ ದಿನವೇ ಮೆಸೇಜ್ ಹಾಕಿ. ಎಲ್ಲ ಕ್ಲೈಂಟ್‌ಗಳಿಗೂ ಕನ್ನಡದಲ್ಲಿ ಒಂದು ಕಾಗದ ಬರೆದೆ: ನಮ್ಮವರು ಬೇರೆ ಬೇರೆ ಟೈಮಿಗೆ ಇರುತ್ತಾರೆ, ಈ ಒಂದು ನಂಬರಿಗೆ ಮಾಡಿದರೆ ಯಾರಾದರೂ ಎತ್ತುತ್ತಾರೆ. ಒಬ್ಬ ಕ್ಲೈಂಟ್, "ಬಂದಾಗೆಲ್ಲ ಅರ್ಧ ಕುರ್ಚಿ ಖಾಲಿ ಇರುತ್ತೆ" ಅಂತ ಬೇರೆ ಕಡೆ ಹೋದರು. ಅವರಿಗೆ ನಾನು ಮೊದಲೇ ಸರಿಯಾಗಿ ವಿವರಿಸಬೇಕಿತ್ತು.

ಮನೆಯಿಂದ ಕೆಲಸ ಅಂದರೆ ಹೆಣ್ಣುಮಕ್ಕಳಿಗೆ ವರ ಅಂತ ನಾನು ಅಂದುಕೊಂಡಿದ್ದೆ. ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವಳು ನಮ್ಮ ಬೆಳಗಿನ ಹುಡುಗಿ, ಅದೇ ಚಲನ್ ಮಾಡಿಟ್ಟವಳು. 2022ರಲ್ಲಿ ಹೆರಿಗೆ ರಜೆ ಮುಗಿಸಿ ಬಂದಳು. 2017ರ ತಿದ್ದುಪಡಿಯ ನಂತರ ಕಾನೂನಿನಲ್ಲಿ 26 ವಾರ ರಜೆ ಇದೆ, ಅದು ಎಲ್ಲರಿಗೂ ಗೊತ್ತು. ರಜೆ ಮುಗಿದ ಮೇಲೆ, ಕೆಲಸ ಅಂಥದ್ದಾಗಿದ್ದರೆ, ಇಬ್ಬರೂ ಒಪ್ಪಿಕೊಂಡು ಮನೆಯಿಂದ ಮಾಡಬಹುದು ಅನ್ನುವ ಮಾತೂ ಅದೇ ತಿದ್ದುಪಡಿಯಲ್ಲಿದೆ. ಇದು ಕಮ್ಮಿ ಜನರಿಗೆ ಗೊತ್ತು. ನಾವು ಅರ್ಧ ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.

ಎರಡು ತಿಂಗಳಾದ ಮೇಲೆ ಅವಳೇ ಬಂದು, "ಮೇಡಂ, ನಾನು ಆಫೀಸಿಗೇ ಬರ್ತೀನಿ" ಅಂದಳು. ಯಾಕೆ ಅಂತ ಕೇಳಬಾರದು ಅನ್ನುವುದು ನಮ್ಮ ನಿಯಮ. ಅವಳಾಗಿಯೇ ಹೇಳಿದಳು. "ಮನೇಲೇ ಇದೀಯಲ್ಲ ಅಂತ ಎಲ್ಲರೂ ಒಂದೊಂದು ಕೆಲಸ ಹೇಳ್ತಾರೆ. ನೆಂಟರು ಬಂದ್ರೆ ಕಾಫಿ ಮಾಡಬೇಕು. ಗ್ಯಾಸ್‌ನವನು ಬಂದ್ರೆ ಬಾಗಿಲು ತೆಗೀಬೇಕು. ಮಗು ಮಲಗಿದ ಮೇಲೆ ರಾತ್ರಿ ಹನ್ನೊಂದರವರೆಗೆ ಎಂಟ್ರಿ ಮಾಡ್ತಿದೀನಿ. ಆಫೀಸಿಗೆ ಬಂದ್ರೆ ನಾನು ಕೆಲಸಕ್ಕೆ ಹೋಗಿದೀನಿ ಅಂತ ಮನೆಯವರಿಗೆ ಗೊತ್ತಾಗುತ್ತೆ."

ಎಂಥ ಮಾತು ಅದು! ಅವಳಿಗೆ ಬೇಕಾಗಿದ್ದದ್ದು ಜಾಗ ಅಲ್ಲ, ಹೊತ್ತು. ಅತ್ತೆ ಮಗುವನ್ನು ಮಧ್ಯಾಹ್ನದವರೆಗೆ ನೋಡಿಕೊಳ್ಳುತ್ತಾರೆ. ಹಾಗಾಗಿ ಬೆಳಿಗ್ಗೆ ಏಳೂವರೆಗೆ ಬಂದು ಮೂರೂವರೆಗೆ ಹೋಗುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೂ ಉಳಿಯಿತು. ಬೆಳಗಿನ ಬಸ್ಸಿನಲ್ಲಿ ಸೀಟು ಸಿಗುತ್ತದೆ, ಅದೇ ದೊಡ್ಡ ಸುಖ ಅನ್ನುತ್ತಾಳೆ. ಮನೆಯಿಂದ ಮಾಡಿ ಅಂತ ಯಾರನ್ನೂ ಒತ್ತಾಯ ಮಾಡಬೇಡಿ. ಅವರ ಮನೆಯಲ್ಲಿ ಕೂರಲು ಜಾಗ ಇದೆಯಾ, ಸದ್ದಿಲ್ಲದ ಒಂದು ಮೂಲೆ ಇದೆಯಾ, ನಮಗೆ ಗೊತ್ತಿರುವುದಿಲ್ಲ. ಕುರ್ಚಿ ಉಳಿಸಲು, ಬಾಡಿಗೆ ಉಳಿಸಲು ಜನರನ್ನು ಮನೆಗೆ ಕಳಿಸುವುದಾದರೆ ಅದು ಅವರಿಗೆ ಕೊಟ್ಟ ಅನುಕೂಲ ಅಲ್ಲ.

ರಾತ್ರಿ ಮೆಸೇಜ್‌ಗಳ ವಿಷಯವೂ ಹೇಳಬೇಕು. ಒಬ್ಬೊಬ್ಬರದು ಒಂದೊಂದು ಹೊತ್ತು ಆದ ಮೇಲೆ ಗ್ರೂಪ್‌ನಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೂ ಟಿಂಗ್ ಟಿಂಗ್ ಅನ್ನುತ್ತಿತ್ತು. ಹೊಸ ಹುಡುಗಿಯೊಬ್ಬಳು ಊಟ ಬಿಟ್ಟು ಉತ್ತರ ಕೊಡುತ್ತಿದ್ದಳು. ಈಗ ನಮ್ಮಲ್ಲಿ ಯಾರು ಯಾವಾಗ ಬೇಕಾದರೂ ಬರೆಯಬಹುದು, ಆದರೆ ಉತ್ತರ ಅವರವರ ಹೊತ್ತಿನಲ್ಲಿ ಮಾತ್ರ. ನಿಜವಾಗಿ ಅರ್ಜೆಂಟ್ ಇದ್ದರೆ ಫೋನ್ ಮಾಡಬೇಕು. ಫೋನ್ ಮಾಡಬೇಕು ಅಂದ ತಕ್ಷಣ ಮುಕ್ಕಾಲು ಪಾಲು ಅರ್ಜೆಂಟ್‌ಗಳು ನಾಳೆಗೆ ಹೋದವು. ನಾನೇ ಎಲ್ಲರಿಗಿಂತ ಜಾಸ್ತಿ ರಾತ್ರಿ ಬರೆಯುತ್ತಿದ್ದವಳು. ಈಗ ಬರೆದು, ಬೆಳಿಗ್ಗೆ ಹತ್ತಕ್ಕೆ ಹೋಗುವ ಹಾಗೆ ಇಮೇಲ್‌ನಲ್ಲಿ ಟೈಮ್ ಇಡುತ್ತೇನೆ.

ಐಟಿ ರಿಟರ್ನ್‌ಗಳ ಒತ್ತಡ ಇರುವ ಜುಲೈನಲ್ಲಿ ಇನ್ನೊಂದು ಅಪಾಯ ಇದೆ. ಗಂಟೆ ನೋಡುವವರು ಯಾರೂ ಇಲ್ಲ ಅಂದರೆ ಒಳ್ಳೆಯ ಕೆಲಸಗಾರರು ಹನ್ನೆರಡು ಗಂಟೆ ಮಾಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಮನೆಯಿಂದ ಕೆಲಸ ಅನ್ನುವ ಮಾತೇ ಇಲ್ಲದ ಕಾಲದ್ದು. ಅದರಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಇದೆ. ನಾನು ಅದನ್ನೇ ಎಲ್ಲರಿಗೂ ಮೇಲಿನ ಗೆರೆ ಅಂತ ಇಟ್ಟುಕೊಂಡಿದ್ದೇನೆ, ಮನೆಯಲ್ಲಿದ್ದರೂ ಅಷ್ಟೇ. ಅದು ಸಾಲದಿದ್ದರೆ ಆ ತಿಂಗಳಿಗೆ ಇನ್ನೊಬ್ಬರನ್ನು ತಗೊಳ್ಳಬೇಕಾದ್ದು ನನ್ನ ಕೆಲಸ.

ಈ ಬದಲಾವಣೆಯಲ್ಲಿ ನಾನು ಒಬ್ಬರನ್ನು ಪೂರ್ತಿ ಮರೆತಿದ್ದೆ. ಆಫೀಸಿನ ಬಾಗಿಲು ತೆಗೆಯುವವರು, ಬ್ಯಾಂಕಿಗೆ ಹೋಗುವವರು, ಪೀಣ್ಯದಲ್ಲಿ ಸುತ್ತಿ ಬಿಲ್ಲಿನ ಕವರ್‌ಗಳನ್ನು ತರುವವರು. ನಾವು ಅವರನ್ನು ಅಣ್ಣ ಅನ್ನುತ್ತೇವೆ. ಎಲ್ಲರೂ ತಮ್ಮ ತಮ್ಮ ಟೈಮ್ ಬರೆಯುವಾಗ ಅವರು ಟೀ ಲೋಟ ಎತ್ತಿಕೊಂಡು ಹೋಗುತ್ತಿದ್ದರು. ಆರು ತಿಂಗಳಾದ ಮೇಲೆ ಒಂದು ದಿನ, ಮೆಲ್ಲಗೆ, "ಎಲ್ಲರಿಗೂ ಏನೋ ಒಂದು ಸಿಕ್ತು ಮೇಡಂ. ನನ್ನ ಕೆಲಸ ಮನೇಲಿ ಮಾಡೋಕಾಗಲ್ಲ ಬಿಡಿ" ಅಂದರು.

ಅವರ ಮನೆ ಲಗ್ಗೆರೆ. ದಿನಾ ಅಲ್ಲಿಂದ ರಾಜಾಜಿನಗರಕ್ಕೆ ಬಂದು, ಬಾಗಿಲು ತೆಗೆದು, ಮತ್ತೆ ಬಂದ ದಿಕ್ಕಿಗೇ ಪೀಣ್ಯಕ್ಕೆ ಹೋಗಿ, ಕವರ್ ತಗೊಂಡು ವಾಪಸ್ ಬರುತ್ತಿದ್ದರು. ಇಷ್ಟು ವರ್ಷ ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಈಗ ಅವರು ಮನೆಯಿಂದ ನೇರ ಪೀಣ್ಯಕ್ಕೆ ಹೋಗುತ್ತಾರೆ, ಅಲ್ಲಿ ಬಿಲ್ಲು ತಗೊಂಡು ಹನ್ನೆರಡಕ್ಕೆ ಆಫೀಸಿಗೆ ಬರುತ್ತಾರೆ, ಪೆಟ್ರೋಲಿಗೆ ಬೇರೆ ದುಡ್ಡು. ಕೀ ಮೂರು ಜನರ ಹತ್ತಿರ ಇದೆ. ಬೆಳಿಗ್ಗೆ ಮಗಳನ್ನು ಅವರೇ ಶಾಲೆಗೆ ಬಿಡುತ್ತಾರೆ. ಜಾಗ ಬದಲಿಸಲಾಗದ ಕೆಲಸದಲ್ಲೂ ಹೊತ್ತನ್ನೋ ದಾರಿಯನ್ನೋ ಬದಲಿಸಬಹುದು. ಕೇಳುವವರಿಗೆ ಮಾತ್ರ ಕೊಟ್ಟರೆ ಅಣ್ಣನಂಥವರಿಗೆ ಏನೂ ಸಿಗುವುದಿಲ್ಲ, ಯಾಕೆಂದರೆ ಅವರು ಕೇಳುವುದಿಲ್ಲ. ರಾಯರು ಕೇಳಿರಲಿಲ್ಲ, ಅಣ್ಣನೂ ಕೇಳಲಿಲ್ಲ. ನಾವೇ ಹೋಗಿ ಕೇಳಬೇಕು.

ಆರ್ಟಿಕಲ್‌ಶಿಪ್ ಮಾಡುವ, ಅಂದರೆ ಸಿಎ ಓದುತ್ತಾ ನಮ್ಮಲ್ಲಿ ಕೆಲಸ ಕಲಿಯುವ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ನಾನು ಬಗ್ಗಿಲ್ಲ. ಟೈಮು ಹಿಂದೆ ಮುಂದೆ ಮಾಡಿಕೊಳ್ಳಲಿ, ಆದರೆ ಆಫೀಸಿಗೆ ಬರಬೇಕು. ಒಂದು ಬ್ಯಾಲೆನ್ಸ್ ಶೀಟ್ ನೋಡಿದ ತಕ್ಷಣ ರಾಯರು ಯಾವ ಸಾಲಿನಲ್ಲಿ ಬೆರಳು ಇಡುತ್ತಾರೆ ಅನ್ನುವುದನ್ನು ಪಕ್ಕದಲ್ಲಿ ಕೂತೇ ಕಲಿಯಬೇಕು. ವಿಡಿಯೋ ಕಾಲ್‌ನಲ್ಲಿ ಬೆರಳು ಕಾಣುವುದಿಲ್ಲ. ಮಕ್ಕಳಿಗೆ ಬೇಜಾರಿದೆ, ನನಗೆ ಗೊತ್ತು. ಇದನ್ನು ಅವರ ಜೊತೆ ಇನ್ನೂ ಮಾತಾಡುತ್ತಿದ್ದೇನೆ.

2021ರ ನಂತರ ಟೈಮಿನ ಕಾರಣಕ್ಕೆ ನಮ್ಮಲ್ಲಿ ಯಾರೂ ಕೆಲಸ ಬಿಟ್ಟಿಲ್ಲ. ಇಬ್ಬರು ಬಿಟ್ಟರು, ಸಂಬಳ ಹೆಚ್ಚು ಸಿಕ್ಕಿತು ಅಂತ, ಅದು ನ್ಯಾಯ. ತುಮಕೂರಿನ ಹುಡುಗ ಈಗ ವಾರಕ್ಕೆ ಎರಡು ದಿನ ಬರುತ್ತಾನೆ, ಆ ಐದು ದಿನ ಬಿಟ್ಟು. ಮೊದಲು ರೈಲಿನಲ್ಲಿ ಕಳೆದುಹೋಗುತ್ತಿದ್ದ ಹೊತ್ತಿನಲ್ಲಿ ಓದಿ ಸಿಎ ಇಂಟರ್ ಪರೀಕ್ಷೆಯ ಒಂದು ಗ್ರೂಪ್ ಪಾಸು ಮಾಡಿದ. ರಾಯರಿಗೆ ಈಗ 64. ವಾರಕ್ಕೆ ಮೂರು ಬೆಳಿಗ್ಗೆ ಇನ್ನೂ ಆಸ್ಪತ್ರೆ. ಹಾಳೆಯಲ್ಲಿ ಅವರ ಸಾಲು ಬೇರೆಯವರ ಸಾಲಿನ ಹಾಗೇ ಇರುತ್ತದೆ, ಮಧ್ಯಾಹ್ನ 2ರಿಂದ ರಾತ್ರಿ 8. ಈಗ ತಲೆ ತಗ್ಗಿಸಿಕೊಂಡು ಬರುವುದಿಲ್ಲ, ಬಂದವರೇ ಕಾಫಿಗೆ ಹೇಳುತ್ತಾರೆ.

ಹೋದ ವಾರ ಶಿರಸಿ ಕಡೆಯ ಒಬ್ಬ ಹುಡುಗಿ, ಸೇರಿ ಎಂಟು ತಿಂಗಳಾಗಿದೆ ಅಷ್ಟೇ, ನನ್ನ ರೂಮಿಗೆ ಬಂದು ನಿಂತಳು. ಊರಲ್ಲಿ ಅಡಿಕೆ ಕೊಯ್ಲು, ಅಪ್ಪನಿಗೆ ಕೈ ಸಾಲದು, ಸಂಜೆ ಹೊತ್ತು ಸುಲಿಯಲು ಮನೆಯವರೆಲ್ಲ ಕೂರಬೇಕು, ಎರಡು ವಾರ ಅಲ್ಲಿಂದಲೇ ಮಾಡಲಾ ಅಂತ ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ಅರ್ಧದಲ್ಲೇ ತಡೆದೆ. ಹೊರಗಿನ ಗೋಡೆ ತೋರಿಸಿ, "ಯಾಕೆ ಅಂತ ಹೇಳಬೇಕಾಗಿಲ್ಲಮ್ಮ, ಅಲ್ಲಿ ಬರಿ ಸಾಕು. 10, 11 ಮಾತ್ರ ನೋಡ್ಕೋ" ಅಂದೆ. ಅವಳು ಹೋಗಿ 22ರಿಂದ ಮುಂದಿನ 6ರವರೆಗೆ ಗೆರೆ ಎಳೆದು, ಟೈಮಿನ ಜಾಗದಲ್ಲಿ ಬೆಳಿಗ್ಗೆ 8ರಿಂದ 4 ಅಂತ ಬರೆದಳು. ಕೆಳಗೆ ಸಣ್ಣಗೆ, ಕರೆಂಟ್ ಹೋದರೆ ಪಕ್ಕದ ಮನೆಯಲ್ಲಿ ಇನ್ವರ್ಟರ್ ಇದೆ ಅಂತಲೂ ಬರೆದಿದ್ದಳು.